ಬಂಟ್ವಾಳದ ಮಾಷ್ಟ್ರು ಬಲ್ಲರು

ಕಿವಿಗೆ ನಾದವನ್ನೂ ನಾಲಿಗೆಗೆ ಅಕ್ಷರವನ್ನೂ ಕರುಣಿಸಿದ ವಾಗ್ದೇವಿಗೆ ಮೊದಲ ನಮಸ್ಕಾರ. ಅವೆರಡನ್ನೂ ಬೆರೆಸಿ ಬಾಳಲು ಕಲಿಸಿದ ಗುರುಗಳಿಗೆ ಎರಡನೆಯದು. ಫಲ್ಗುಣಿಯ ದಂಡೆಯಲ್ಲಿ ನೆಲೆಸಿ ನಮ್ಮೆಲ್ಲರ ಅಪಸ್ವರಗಳನ್ನು ಇಷ್ಟು ಕಾಲ ಕೇಳಿಕೊಂಡು ಬಂದ ಪೊಳಲಿಯ ತಾಯಿಗೆ ಮೂರನೆಯದು. ನನಗೆ ಶ್ರುತಿ ನಿಲ್ಲದಿದ್ದ ವಯಸ್ಸಿನಲ್ಲಿ ಕಿಟಕಿ ಮುಚ್ಚಿಕೊಂಡರೇ ಹೊರತು ಜಗಳಕ್ಕೆ ಬಾರದಿದ್ದ ನೆರೆಹೊರೆಯವರಿಗೂ ಇಲ್ಲಿಯೇ ಕೈಮುಗಿಯುತ್ತೇನೆ. ಇಷ್ಟನ್ನು ಹೇಳದೆ ಮುಂದಿನದನ್ನು ಬರೆಯಲು ಕೂತರೆ ಲೇಖನಿ ಓಡುವುದಿಲ್ಲ.

ಇಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಗಂಟೆಯನ್ನು ಕೈಗೆತ್ತಿಕೊಂಡಿದ್ದೆನಷ್ಟೆ, ಚಾವಡಿಯಲ್ಲಿದ್ದ ಫೋನು ಬಡಿದುಕೊಂಡಿತು. ಮನೆಯವಳು ಅಡುಗೆಮನೆಯಿಂದ ಬಂದು ಅದನ್ನೆತ್ತಿ ಗಟ್ಟಿ ದನಿ ಕೇಳುವ ಗುಂಡಿ ಒತ್ತಿದಳು. ಆಕೆಗೆ ಕಿವಿ ಸ್ವಲ್ಪ ಮಂದ.

"ಮಾಷ್ಟ್ರೇ, ಇವತ್ತು ಬಂಗುಡೆ ಉಂಟಾ?" ಎಂದು ಯಾವುದೋ ಹೆಂಗಸಿನ ಸ್ವರ ದೇವರ ಕೋಣೆಯವರೆಗೂ ಮೊಳಗಿತು.

"ಬಂಗುಡೆ ಇಲ್ಲಂತೆ. ಬೂತಾಯಿ ಉಂಟು, ಆದ್ರೆ ಸಣ್ಣದು. ಹತ್ತು ಗಂಟೆಗೆ ನಿಮ್ಮ ಕಡೆ ಬರ್ತದೆ," ಎಂದಳು ಮನೆಯವಳು ಶಾಂತವಾಗಿ, ಮತ್ತು ಸೌತೆಕಾಯಿ ಹೆಚ್ಚಲು ಹೊರಟುಹೋದಳು.

ಓದುಗ ಮಿತ್ರರೇ, ನೀವು ಬೆರಗಾದರೆ ತಪ್ಪಲ್ಲ. ನಮ್ಮ ಮನೆಯಲ್ಲಿ ಏಳು ತಲೆಮಾರಿನಿಂದ ಮೀನು ಹೊಸ್ತಿಲು ದಾಟಿಲ್ಲ. ನಾನು ಕನ್ನಡ, ಸಂಸ್ಕೃತಗಳನ್ನು ಕಲಿಸಿ ನಿವೃತ್ತನಾದವನು. ಸಂಜೆಯ ಹೊತ್ತು ನಾಲ್ಕಾರು ಮಕ್ಕಳಿಗೆ ಸಂಗೀತ ಹೇಳಿಕೊಡುವವನು. ಬಂಗುಡೆಯನ್ನೂ ಬೂತಾಯಿಯನ್ನೂ ಎದುರಿಗಿಟ್ಟು ಗುರುತಿಸಿ ಎಂದರೆ ಸೋಲುವವನು. ಅಂಥವನ ಮನೆಗೆ ಮೀನಿನ ವಿಚಾರಣೆ ಬರಲು ಕಾರಣ ಒಂದು ಹಾಡು. ಆ ಹಾಡಿಗೆ ಕಾರಣ ಒಬ್ಬ ಶಿಷ್ಯೆ. ಆ ಶಿಷ್ಯೆ ಮಾಡಿದ ತಪ್ಪಿಗೆ ಕಾರಣ, ಒಪ್ಪಿಕೊಳ್ಳಲೇಬೇಕು, ನಾನು.

ನರಿಕೊಂಬಿನ ಹರ್ಷಿತಾ ನನ್ನಲ್ಲಿ ಒಂಬತ್ತು ವರ್ಷ ಕಲಿತವಳು. ವರ್ಣಗಳನ್ನು ಹಾಡುವಾಗ ತಾಳ ಬಿಡುತ್ತಿರಲಿಲ್ಲ, ಬೈದರೆ ಅಳುತ್ತಿರಲಿಲ್ಲ, ಎರಡೂ ಅಪರೂಪದ ಗುಣಗಳು. ಮುಂದೆ ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದಳು. ದಿನವೂ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತ ಕಾಯುತ್ತ ಆಕೆಗೆ ಸ್ವಂತ ಹಾಡು ಕಟ್ಟುವ ಚಟ ಹಿಡಿಯಿತು. ಒಂದು ಭಾನುವಾರ ಗಿಟಾರನ್ನು ಬೆನ್ನಿಗೇರಿಸಿಕೊಂಡು ನಮ್ಮ ಅಂಗಳಕ್ಕೆ ಬಂದಳು. ನಾನು ಅದನ್ನು ಕಂಡು, ಕಾಯಿಲೆ ಬಿದ್ದು ಸೊರಗಿದ ವೀಣೆಯೆಂದು ಮರುಕಪಟ್ಟೆ.

"ಮಾಷ್ಟ್ರೇ, ನಾನು ಇನ್ನು ಇಂಡಿಪೆಂಡೆಂಟ್ ಆಗಿ ಹಾಡುದು ಅಂತ ಮಾಡಿದ್ದೇನೆ," ಎಂದಳು.

ಜಗಲಿಯಲ್ಲಿ ಕೂತಿದ್ದ ನೆರೆಮನೆಯ ಹಿರಿಯರು ಪೇಪರನ್ನು ಕೆಳಗಿಳಿಸಿ, "ಯಾವ ವಾರ್ಡಿಗೆ ಮಗಾ?" ಎಂದು ಕೇಳಿದರು.

ನಮ್ಮೂರಿನಲ್ಲಿ ಆ ಇಂಗ್ಲಿಷ್ ಶಬ್ದ ಕೇಳಿಬರುವುದು ಪುರಸಭೆಯ ಚುನಾವಣೆಯಲ್ಲಿ ಮಾತ್ರ. ಯಾವ ಪಕ್ಷದ ಬೆಂಬಲವೂ ಇಲ್ಲದೆ ತೆಂಗಿನಕಾಯಿಯನ್ನೋ ಸೀಲಿಂಗ್ ಫ್ಯಾನನ್ನೋ ಚಿಹ್ನೆಯಾಗಿ ಪಡೆದು ನಿಲ್ಲುವವರು ಅವರು. ಹಾಗಲ್ಲ, ಯಾವ ಕಂಪೆನಿಯನ್ನೂ ಸಿನಿಮಾವನ್ನೂ ನಂಬದೆ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ, ತಾನೇ ಇಂಟರ್ನೆಟ್ಟಿಗೆ ಬಿಡುವುದು ಎಂದು ಆಕೆ ವಿವರಿಸಿದಳು. "ಅಂದ್ರೆ ಠೇವಣಿ ಹೋಗುದು ಗ್ಯಾರಂಟಿ," ಎಂದು ಹಿರಿಯರು ಪೇಪರನ್ನು ಮತ್ತೆ ಮೇಲೆತ್ತಿದರು.

ಆಕೆ ಹಾಡಿದ ಹಾಡು ಬಸ್ಸಿಗೆ ಕಾಯುವುದರ ಬಗ್ಗೆ. ದೇವರನ್ನಾಗಲಿ ಇನಿಯನನ್ನಾಗಲಿ ಕಾಯುವ ಪದಗಳನ್ನು ಸಾವಿರ ಕೇಳಿದ್ದೆ. ಬೆಳ್ತಂಗಡಿಯ ಬಸ್ಸನ್ನು ಕಾಯುವ ಪದ ಇದೇ ಮೊದಲು.

ನಿಂತೆ ನಾನು, ನಿಂತಿತು ನೆರಳು,
ಬಂತಾ ಬಂತಾ, ಬರುವುದುಂಟಾ?

ಪಲ್ಲವಿಯ ತುದಿಯಲ್ಲಿ ಮೋಹನ ರಾಗದ ನೆರಳು ಹಾದುಹೋಯಿತು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಿ ಸುಮ್ಮನಿರಬಹುದಿತ್ತು. ಆದರೆ ಮೂವತ್ತು ವರ್ಷ ಕೆಂಪು ಶಾಯಿ ಹಿಡಿದ ಕೈಗೆ ಸುಮ್ಮನಿರುವ ವಿದ್ಯೆ ಬಾರದು.

"ಎಲ್ಲ ಉಂಟು. ಅಂಕಿತ ಎಲ್ಲಿ?" ಎಂದೆ.

ನಮ್ಮ ಸಂಪ್ರದಾಯದ ಪದಗಳಲ್ಲಿ ಕೊನೆಯ ಸಾಲಿನಲ್ಲಿ ಒಂದು ಹೆಸರು ಬರುತ್ತದೆ, ಬಲ್ಲಿರಿ. ರಚಿಸಿದವರು ತಾವು ನಂಬಿದ ದೈವದ ಹೆಸರನ್ನಿಟ್ಟು ಪದವನ್ನು ಅಲ್ಲಿಗೆ ಒಪ್ಪಿಸಿಬಿಡುತ್ತಾರೆ. ಅದೇ ಅಂಕಿತ. ಅದಿಲ್ಲದೆ ಹಾಡು ಮುಗಿದರೆ ನನಗೆ ಮೆಟ್ಟಿಲಿಳಿಯುವಾಗ ಕೊನೆಯದೊಂದು ತಪ್ಪಿದಂತಾಗುತ್ತದೆ.

"ಯಾರ ಹೆಸರು ಹಾಕ್ಲಿ ಮಾಷ್ಟ್ರೇ?"

"ಅದನ್ನು ಇನ್ನೊಬ್ಬರು ಹೇಳಿಕೊಡಬಾರದು ಮಗಳೇ. ಯಾರನ್ನು ನೆನೆದರೆ ನಿನಗೆ ತಾಳ ತಪ್ಪುವುದಿಲ್ಲವೋ, ಅವರ ಹೆಸರು ಹಾಕು."

ನಾನು ಹೇಳಿದ್ದು ಭಗವಂತನ ಕುರಿತು. ಆಕೆ ಕೇಳಿಸಿಕೊಂಡದ್ದು ಬೇರೆ. ತಾಳ ತಪ್ಪಿದಾಗಲೆಲ್ಲ ಆಕೆಯ ಎದುರು ಕಣ್ಣು ಕೆಂಪಗೆ ಮಾಡಿ ಕೂತಿರುತ್ತಿದ್ದವನು ಯಾರು? ಮುಂದಿನ ವಾರ ಹಾಡು ಇಂಟರ್ನೆಟ್ಟಿಗೇರಿದಾಗ ಕೊನೆಯ ಸಾಲು ಹೀಗಿತ್ತು:

ಬಾರದೇನು, ಬಂದೇ ಬರುವುದು,
ಬಂಟ್ವಾಳದ ಮಾಷ್ಟ್ರು ಬಲ್ಲರು.

ನನಗೆ ಸಂಕೋಚವಾಯಿತು ಎಂದು ಬರೆದರೆ ಅರ್ಧ ಸತ್ಯ. ಉಳಿದರ್ಧ ಸಂತೋಷವೇ ಆಗಿತ್ತು. ಹೇಗೂ ಯಾರು ಕೇಳುತ್ತಾರೆ ಎಂಬ ಧೈರ್ಯವೂ ಇತ್ತು. ತಿಂಗಳಾದರೂ ಕೇಳಿದವರು ನಲವತ್ತೊಂದು. "ಅದರಲ್ಲಿ ಮೂವತ್ತು ಸಲ ನಮ್ಮ ಅಮ್ಮನೇ," ಎಂದಿದ್ದಳು ಹರ್ಷಿತಾ.

ಆ ಅಮ್ಮನೇ ಮುಂದಿನದಕ್ಕೆ ದಾರಿ ಮಾಡಿದರು. ಮಂಗಳೂರಿನ ಮೀನುಬಂದರಾದ ದಕ್ಕೆಯಿಂದ ಮೀನು ತಂದು ಆಟೋದಲ್ಲಿ ಮನೆಮನೆಗೆ ಮಾರುವ ರಫೀಕ್ ಎಂಬವರಿಗೆ ಆ ದಿನಗಳಲ್ಲಿ ಗಂಟಲು ಕಟ್ಟಿತ್ತು. ಇನ್ನು ಕೂಗಿದರೆ ಸ್ವರವೇ ಹೋದೀತು ಎಂದು ಡಾಕ್ಟರರು ಎಚ್ಚರಿಸಿದ್ದರಂತೆ. ಗೇಟಿನಲ್ಲಿ ಮೀನು ಆರಿಸುತ್ತಿದ್ದ ಹರ್ಷಿತಾಳ ತಾಯಿಯ ಫೋನಿನಿಂದ 'ಬಂತಾ ಬಂತಾ' ಕೇಳಿಬಂತು. ರಫೀಕರು ತಕ್ಕಡಿಯನ್ನು ಹಾಗೆಯೇ ಹಿಡಿದು ನಿಂತರು. "ಅಕ್ಕಾ, ಈ ಪದ್ಯ ನಂಗೊಂದು ಕಳಿಸಿ. ಇದು ನನ್ನ ಗಾಡಿಗೇ ಹೇಳಿ ಮಾಡಿದ ಹಾಗೆ ಉಂಟಲ್ಲ!"

ಮರುದಿನದಿಂದ ಆಟೋದ ನೆತ್ತಿಯ ಮೈಕಿನಲ್ಲಿ 'ಬಂತಾ ಬಂತಾ, ಬರುವುದುಂಟಾ' ಎಂದು ನನ್ನ ಶಿಷ್ಯೆ ಹಾಡತೊಡಗಿದಳು. ಗೃಹಿಣಿಯರು ಒಲೆ ಸಣ್ಣ ಮಾಡಿ, ಪಾತ್ರೆ ಹಿಡಿದು ಗೇಟಿಗೆ ಬರತೊಡಗಿದರು. ವಾರದೊಳಗೆ ಹಾಡು ಫೋನಿನಿಂದ ಫೋನಿಗೆ ಹಾರಿ ಬೆಳ್ತಂಗಡಿಯ, ಮೂಡುಬಿದಿರೆಯ ಮೀನಿನ ಗಾಡಿಗಳನ್ನೂ ಏರಿತು. ಎಲ್ಲ ಊರಿನಲ್ಲೂ ಕೊನೆಗೆ ಅದೇ ಘೋಷಣೆ: ಬಂಟ್ವಾಳದ ಮಾಷ್ಟ್ರು ಬಲ್ಲರು. ಮೀನು ತಾಜಾ ಹೌದೋ ಅಲ್ಲವೋ, ಮಾಷ್ಟ್ರು ಬಲ್ಲರು. ಬಂಗುಡೆ ಬರುವುದೋ ಇಲ್ಲವೋ, ಮಾಷ್ಟ್ರು ಬಲ್ಲರು. ನಮ್ಮ ಗೇಟಿನಲ್ಲಿ 'ಸಂಗೀತ ಪಾಠ' ಎಂಬ ಬೋರ್ಡೂ ಅದರ ಕೆಳಗೆ ದೊಡ್ಡಕ್ಷರದಲ್ಲಿ ಫೋನ್ ನಂಬರೂ ಇದೆ. ಜನರು ಬೋರ್ಡಿನ ಮೇಲರ್ಧವನ್ನು ಬಿಟ್ಟು ಕೆಳಗಿನರ್ಧವನ್ನು ಓದಿಕೊಂಡರು.

ಮೊದಲ ವಾರ ನಾನು ಕರೆ ಮಾಡಿದವರಿಗೆಲ್ಲ ಅಂಕಿತ ಎಂದರೇನು ಎಂದು ವಿವರಿಸಿದೆ. ಒಬ್ಬರು ಪೂರ್ತಿ ಕೇಳಿ, "ಆಯ್ತು ಮಾಷ್ಟ್ರೇ, ಅದು ಕಿಲೋಕ್ಕೆ ಎಷ್ಟು?" ಎಂದರು. ಅನಂತರ ಮನೆಯವಳು ಫೋನನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಬೆಳಿಗ್ಗೆ ರಫೀಕರಿಗೆ ತಾನೇ ಫೋನು ಮಾಡಿ ವಿಷಯ ತಿಳಿದಿಟ್ಟುಕೊಂಡು ಉತ್ತರಿಸುತ್ತಾಳೆ. ಇದೇನು ಎಂದು ನಾನು ಗದರಿದಾಗ, "ಮನೆ ತನಕ ಬಂದು ಕೇಳಿದವರಿಗೆ ಗೊತ್ತಿಲ್ಲ ಅನ್ಲಿಕ್ಕೆ ಆಗ್ತದಾ?" ಎಂದಳು.

ನಾನು ರಫೀಕರನ್ನು ದಾರಿಯಲ್ಲಿ ತಡೆದು, ಮೂಗಿಗೆ ಶಾಲು ಹಿಡಿದುಕೊಂಡೇ, ಹಾಡು ನಿಲ್ಲಿಸಬೇಕೆಂದು ಕೇಳಿದೆ.

"ನಾನು ನಿಲ್ಲಿಸ್ತೇನೆ ಮಾಷ್ಟ್ರೇ, ನಿಮ್ಮ ಮಾತಿಗಿಂತ ದೊಡ್ಡದುಂಟಾ," ಎಂದರು ಅವರು ಪಿಸುದನಿಯಲ್ಲಿ. "ಆದ್ರೆ ಹೆಂಗಸ್ರು ಬಿಡುದಿಲ್ಲ. ಮೀನು ತಕ್ಕೊಂಡು ಆದ್ಮೇಲೂ ಹೋಗುದಿಲ್ಲ ಮಾರಾಯ್ರೇ! ಪದ್ಯ ಮುಗೀಲಿ ಅಂತ ಬಿಸಿಲಲ್ಲಿ ನಿಲ್ತಾರೆ. ಅರ್ಧದಲ್ಲಿ ಗಾಡಿ ಹೊರಡಿಸಿದ್ರೆ ನಂಗೆ ಬೈತಾರೆ."

ಆ ಮಾತು ಆಗ ನನ್ನ ತಲೆಗೆ ಹತ್ತಲಿಲ್ಲ. ನಾನು ಹರ್ಷಿತಾಳನ್ನು ಕರೆಸಿ, ಅಂಕಿತ ಬದಲಿಸು ಎಂದು ಅಪ್ಪಣೆ ಮಾಡಿದೆ. ಗುರುಶಿಷ್ಯರಿಬ್ಬರೂ ಚಾಪೆಯಲ್ಲಿ ಕೂತು ಮಾತ್ರೆ ಎಣಿಸಿದೆವು. 'ಬಂಟ್ವಾಳದ' ಎಂಬಲ್ಲಿ ಆರು, 'ಮಾಷ್ಟ್ರು' ಎಂಬಲ್ಲಿ ಮೂರು. ಒಂಬತ್ತು ಮಾತ್ರೆಯ ಜಾಗಕ್ಕೆ ಯಾರನ್ನು ಕೂರಿಸುವುದು? ಅರ್ಧ ಗಂಟೆ ತಿಣುಕಿ ಕೊನೆಗೆ ಹೊಳೆಯಿತು: 'ಶ್ರೀಪೊಳಲಿಯ ತಾಯಿ ಬಲ್ಲಳು'. ಆರು, ಮೂರು, ಅಚ್ಚಿನಲ್ಲಿ ಎರೆದಂತೆ ಕೂತಿತು. ನನಗೆ ಕಣ್ಣು ತುಂಬಿ ಬಂತು.

ಹರ್ಷಿತಾ ಮಾತ್ರ ಮೆಲ್ಲನೆ ಕೇಳಿದಳು. "ಮಾಷ್ಟ್ರೇ, ಹಾಗಾದ್ರೆ ಇನ್ನು ಮೀನಿನ ಗಾಡಿಯಲ್ಲಿ ಹೋಗುದು ಪೊಳಲಿ ಅಮ್ಮನ ಹೆಸರು. ಅಡ್ಡಿ ಇಲ್ವಾ?" ಮತ್ತೆ ತಾನೇ ಸೇರಿಸಿದಳು: "ಅವರಿಗೆ ಫೋನ್ ಇಲ್ಲ, ಅದೊಂದು ಒಳ್ಳೇದು."

ತಾಯಿಗೆ ಮೀನೇನು, ಹೂವೇನು, ಸೃಷ್ಟಿಯೆಲ್ಲ ಆಕೆಯದೇ. ಆಕ್ಷೇಪ ಇದ್ದದ್ದು ನನ್ನ ಮೂಗಿಗೆ. ಆದರೂ ಆಕೆಯನ್ನು ಮೈಕಿಗೆ ಕಟ್ಟಿ ಊರೂರು ಅಲೆಸಲು ನನಗೆ ಮನಸ್ಸು ಬರಲಿಲ್ಲ. "ಬೇಡ. ನನ್ನ ಹೆಸರೇ ಇರಲಿ," ಎಂದೆ. ಅರುವತ್ತು ವರ್ಷ ಆಕೆಯ ಎದುರು ನಿಂತು ಕಾಪಾಡು ಎಂದವನು ಅಂದು ಮೊದಲ ಬಾರಿ ಆಕೆಗೆ ಅಡ್ಡ ನಿಂತು ಕಾಪಾಡಿದಂತೆ ಎದೆಯುಬ್ಬಿಸಿದೆ. ಮನುಷ್ಯನ ಅಹಂಕಾರಕ್ಕೆ ಎಲ್ಲೆಲ್ಲಿ ಬೇರು ನೋಡಿ.

ಈ ನಡುವೆ ಹುಡುಗಿಯ ಬಾಳಿನ ಪ್ರಶ್ನೆಯೊಂದು ಕುದಿಯುತ್ತಿತ್ತು. ಶಾಲೆಯ ಕೆಲಸ ಬಿಟ್ಟು ಒಂದು ವರ್ಷ ಹಾಡಿಗೇ ಕೊಡಬೇಕೆಂಬುದು ಆಕೆಯ ಆಸೆ. ಮಾಣಿಯಲ್ಲಿ ಹೋಟೆಲ್ ನಡೆಸುವ ಅವಳ ತಂದೆ ಶೆಟ್ಟರಿಗೆ, ಬಿ.ಎಡ್. ಮಾಡಿ ಖಾಯಂ ಆಗಲಿ ಎಂಬ ಹಟ. ಸೀಟೂ ಸಿದ್ಧವಾಗಿತ್ತು. ಅಷ್ಟರಲ್ಲಿ ಮೂಡುಬಿದಿರೆಯ ಒಂದು ಸಂಘದವರು ತಮ್ಮ ವಾರ್ಷಿಕೋತ್ಸವದಲ್ಲಿ ಸ್ವಂತ ಹಾಡುಗಳನ್ನು ಹಾಡಲು ಆಕೆಗೆ ಅರ್ಧ ಗಂಟೆ ಕೊಟ್ಟರು. ಶೆಟ್ಟರು ನನ್ನೆದುರೇ ತೀರ್ಪು ಹೇಳಿದರು.

"ನೋಡಿ ಮಾಷ್ಟ್ರೇ, ಚಪ್ಪಾಳೆ ಎಲ್ಲರೂ ತಟ್ತಾರೆ, ಅದು ಮರ್ಯಾದೆಗೆ. ನನ್ನ ಹೋಟೆಲಲ್ಲಿ ತಿಂಡಿ ನಿಜವಾಗಿ ಸೇರಿದ್ರೆ ಗಿರಾಕಿ ಎದ್ದು ಅಡುಗೆಕೋಣೆಗೆ ಬಂದು, ಮಾಡಿದ್ದು ಯಾರು ಅಂತ ನೋಡಿ ಹೋಗ್ತಾನೆ. ಇವಳ ಪದ್ಯಕ್ಕೆ ಗುರ್ತ ಇಲ್ಲದವ್ರು ನಾಲ್ಕು ಜನ ಕುರ್ಚಿಯಿಂದ ಏಳ್ಲಿ. ಒಂದು ವರ್ಷ ಬಿಡುವ. ಇಲ್ಲದಿದ್ರೆ ಬಿ.ಎಡ್."

"ಆಯ್ತು ಅಪ್ಪ," ಎಂದಳು ಹರ್ಷಿತಾ. ಮಾತು ಮುಗಿಯಿತು.

ಆಮಂತ್ರಣ ಪತ್ರಿಕೆ ಬಂತು. 'ಪಕ್ಷೇತರ ಗಾಯಕಿ ಕುಮಾರಿ ಹರ್ಷಿತಾ' ಎಂದು ಅಚ್ಚಾಗಿತ್ತು. ನಾನು ಗಾಬರಿಯಿಂದ ಸಂಘದ ಕಾರ್ಯದರ್ಶಿಗೆ ಫೋನಾಯಿಸಿ, 'ಸ್ವತಂತ್ರ' ಎಂದು ಹಾಕಬಹುದಿತ್ತಲ್ಲ ಎಂದೆ. "ಹಾಕಿದ್ದೆವು ಮಾಷ್ಟ್ರೇ. ಆದ್ರೆ ಮದುವೆ ಆಗ್ಬೇಕಾದ ಹುಡುಗಿ, ಸ್ವತಂತ್ರ ಅಂದ್ರೆ ಜನ ಎಂತೆಂತದೋ ತಿಳ್ಕೊಳ್ತಾರೆ ಅಂತ ತೆಗೆದದ್ದು," ಎಂದರು. ಅವರ ಕಾಳಜಿಗೆ ಕೈಮುಗಿದು ಫೋನಿಟ್ಟೆ. ಮುಖ್ಯ ಅತಿಥಿಯಾಗಿ ನನ್ನ ಹೆಸರೂ ಅದರಲ್ಲಿತ್ತು.

ಅಂದು ಸಭಾಂಗಣ ತುಂಬಿತ್ತು. ಹಾಡಿಗಲ್ಲ, ಅನಂತರ ನಡೆಯಲಿದ್ದ ರಂಗೋಲಿ ಸ್ಪರ್ಧೆಯ ಬಹುಮಾನ ವಿತರಣೆಗೆ. ಮಹಿಳಾ ಸಂಘಗಳ ಸದಸ್ಯೆಯರು ಸಾಲುಸಾಲಾಗಿ ಕೂತಿದ್ದರು. ಮೂರನೆಯ ಸಾಲಿನಲ್ಲಿ ಶೆಟ್ಟರು ಎದೆಯ ಮೇಲೆ ಕೈಕಟ್ಟಿದ್ದರು. ಹರ್ಷಿತಾ ಐದು ಹಾಡು ಹಾಡಿದಳು. ಒಂದೊಂದೂ ನಾಜೂಕು. ಒಂದೊಂದಕ್ಕೂ ಸಣ್ಣ ಚಪ್ಪಾಳೆ. ಅದು ಶೆಟ್ಟರು ಹೇಳಿದ ಮರ್ಯಾದೆಯ ಚಪ್ಪಾಳೆಯೇ. ಕುರ್ಚಿ ಬಿಟ್ಟು ಎದ್ದವನು ಒಬ್ಬನೇ, ಫ್ಯಾನಿನ ಸ್ವಿಚ್ ಹಾಕಲು. ಶೆಟ್ಟರು ಗಡಿಯಾರ ನೋಡಿಕೊಂಡರು. ಹುಡುಗಿ ಸರಿಯಿದ್ದ ತಂತಿಯನ್ನೇ ಮತ್ತೆ ಶ್ರುತಿ ಮಾಡತೊಡಗಿದ್ದು ವೇದಿಕೆಯಲ್ಲಿದ್ದ ನನಗೆ ಕಂಡಿತು.

ಇನ್ನೊಂದು ಹಾಡಿಗೆ ಸಮಯವಿತ್ತು. ಆಕೆ ನನ್ನತ್ತ ನೋಡಿದಳು. ಕಾರ್ಯದರ್ಶಿಗಳು ನನ್ನ ಕಿವಿಗೆ ಬಾಗಿದರು. "ಆ ಮೀನಿನ ಪದ್ಯ ಮಾತ್ರ ಬೇಡ ಮಾಷ್ಟ್ರೇ. ಸಭಾ ಮರ್ಯಾದೆ ಉಂಟಲ್ಲ."

ಆ ಗಳಿಗೆಯಲ್ಲಿ ನನಗೇನಾಯಿತೋ! "ಅದು ಮೀನಿನದ್ದಲ್ಲ, ಬಸ್ಸಿನದ್ದು!" ಎಂದೆ. ಎದುರಿಗಿದ್ದ ಮೈಕು ಚಾಲೂ ಇದ್ದುದರಿಂದ ಈ ಮಾತು ಸಭಾಂಗಣದ ಕೊನೆಯ ಗೋಡೆಗೂ ತಲುಪಿತು. ಹರ್ಷಿತಾ ಮತ್ತೊಂದು ಅಪ್ಪಣೆಗೆ ಕಾಯಲಿಲ್ಲ.

ನಿಂತೆ ನಾನು, ನಿಂತಿತು ನೆರಳು, ಬಂತಾ ಬಂತಾ...

ಎರಡನೆಯ 'ಬಂತಾ' ಮುಗಿದಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಹೆಂಗಸರು ಎದ್ದರು. ಒಬ್ಬಿಬ್ಬರಲ್ಲ, ಇಡೀ ಇಡೀ ಸಾಲು. ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಗಿತ್ತು. ಒಬ್ಬ ವೃದ್ಧೆಯಂತೂ, "ಮೀನ್ ಬತ್ತ್ಂಡ್ ಅಕ್ಕಾ!" ಎಂದು ತುಳುವಿನಲ್ಲಿ ಮೀನು ಬಂದ ಸುದ್ದಿ ಸಾರಿ, ಪಕ್ಕದಾಕೆಯ ತೋಳು ಹಿಡಿದೆಳೆದರು. ದಿನವೂ ಕೇಳಿ ಕೇಳಿ ಕಾಲುಗಳಿಗೇ ಪಾಠವಾಗಿದ್ದ ಹಾಡು. ಅದು ಕಿವಿಗೆ ಬಿದ್ದೊಡನೆ ಕಾಲುಗಳು ಗೇಟಿಗೆ ಹೊರಟಿದ್ದವು. ಕಾರ್ಯದರ್ಶಿಗಳು ಅದನ್ನು ಗೌರವವೆಂದು ಬಗೆದು ತಾವೂ ಎದ್ದು ಕೈಮುಗಿದರು. ನಾನು ಮೂರನೆಯ ಸಾಲಿನತ್ತ ನೋಡಿದೆ. ಹೋಟೆಲಿಗಾಗಿ ದಿನವೂ ಮೀನು ಕೊಳ್ಳುವ ಶೆಟ್ಟರು, ತಮ್ಮ ಸಾಲಿನಲ್ಲಿ ಎಲ್ಲರಿಗಿಂತ ಮೊದಲು, ಎದ್ದು ನಿಂತಿದ್ದರು.

ಎಲ್ಲಿದ್ದೇವೆಂಬ ಅರಿವು ಮರಳಲು ಅವರಿಗೆಲ್ಲ ಅರೆನಿಮಿಷ ಸಾಕಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಯಿಗೆ ಸೆರಗು ಹಿಡಿದು ನಕ್ಕರು. ಇನ್ನು ಕೂರುತ್ತಾರೆ ಎಂದುಕೊಂಡೆ. ಕೂರಲಿಲ್ಲ. ಮೊದಲ ಚರಣ ಹೋಯಿತು, ಎರಡನೆಯದು ಹೋಯಿತು. ಬಸ್ಸು ಬಾರದೆ ಬಿಸಿಲು ನೆತ್ತಿಗೇರಿತು, ಹುಡುಗಿಯ ಚೀಲದಲ್ಲಿ ಬುತ್ತಿ ಹಳಸಿತು, ನಗು ನಿಂತಿತು. ಅವರು ಚೀಲ ಹಿಡಿದುಕೊಂಡೇ ನಿಂತು ಕೇಳಿದರು. 'ಬಂಟ್ವಾಳದ ಮಾಷ್ಟ್ರು ಬಲ್ಲರು' ಎಂಬಲ್ಲಿಗೆ ಬಂದಾಗ ಇಡೀ ಸಭೆ ದನಿಗೂಡಿಸಿತು, ಮತ್ತು ಶಾಲು ಹೊದ್ದು ಕೂತಿದ್ದ ನನ್ನತ್ತ ತಿರುಗಿತು. ಏನನ್ನೂ ಬಲ್ಲವನಲ್ಲದ ನಾನು ತಲೆ ತಗ್ಗಿಸಿದೆ.

ಕಾರ್ಯಕ್ರಮದ ಅನಂತರ ಶೆಟ್ಟರು ನನ್ನನ್ನು ಕಂಬದ ಮರೆಗೆ ಕರೆದೊಯ್ದರು. ಹರ್ಷಿತಾ ಗಿಟಾರನ್ನು ಚೀಲಕ್ಕೆ ಹಾಕುತ್ತ, ನಮ್ಮತ್ತ ನೋಡದಂತೆ ನೋಡುತ್ತಿದ್ದಳು.

"ಮಾಷ್ಟ್ರೇ, ನೀವು ಸುಳ್ಳು ಹೇಳುವವರಲ್ಲ. ಅವರು ಎದ್ದದ್ದು ಪದ್ಯಕ್ಕಾ, ಮೀನಿಗಾ?"

ಪದ್ಯಕ್ಕೆ ಎಂದರೆ ಅಸತ್ಯ. ಮೀನಿಗೆ ಎಂದರೆ ಹುಡುಗಿಯ ವರ್ಷ ಹೋಯಿತು. ಆಗ ರಫೀಕರು ದಾರಿಯಲ್ಲಿ ಹೇಳಿದ ಮಾತು ತಡವಾಗಿ ನನ್ನ ತಲೆಗೆ ಹತ್ತಿತು.

"ನೀವು ಎದ್ದದ್ದು ಯಾವುದಕ್ಕೆ ಶೆಟ್ಟರೇ?" ಎಂದೆ.

ಅವರು ಮೀಸೆ ಸವರಿಕೊಂಡರು. "ನಾನು... ಮೀನಿಗೇ. ಅಭ್ಯಾಸಬಲ."

"ಸರಿ. ಮೀನು ಇಲ್ಲ ಅಂತ ಗೊತ್ತಾದ ಮೇಲೆ ಕೂರಲಿಲ್ಲ ಯಾಕೆ?"

ಶೆಟ್ಟರು ಖಾಲಿಯಾಗುತ್ತಿದ್ದ ಕುರ್ಚಿಗಳತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ ಮಗಳಿದ್ದಲ್ಲಿಗೆ ಹೋಗಿ, ಆಕೆಯ ಕೈಯಿಂದ ಗಿಟಾರಿನ ಚೀಲ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. "ಹೋಗುವ. ಒಂದು ವರ್ಷ ಆಯ್ತಾ, ಒಂದೂವರೆ ಅಲ್ಲ," ಎಂದರು.

ಆ ವರ್ಷದ ಎಂಟನೆಯ ತಿಂಗಳು ಈಗ ನಡೆಯುತ್ತಿದೆ. ಹರ್ಷಿತಾ ಊರೂರಿನ ಸಣ್ಣ ಸಭೆಗಳಲ್ಲಿ ಹಾಡುತ್ತಾಳೆ. ಕೆಲವೆಡೆ ಕರೆಯುತ್ತಾರೆ, ಕೆಲವೆಡೆ ತಾನೇ ಕೇಳಿಕೊಂಡು ಹೋಗುತ್ತಾಳೆ. ಮುಂದೇನಾಗುವುದೋ ನಾನು ಹೇಳಲಾರೆ. ನಿನ್ನೆ ಹೊಸದೊಂದು ಹಾಡಿನ ಹಾಳೆ ತಂದುಕೊಟ್ಟು, "ತಿದ್ದಿ ಮಾಷ್ಟ್ರೇ," ಎಂದಳು. ಓದಿದೆ. ಕೊನೆಯ ಸಾಲಿನಲ್ಲಿ ಯಾರ ಹೆಸರೂ ಇರಲಿಲ್ಲ. ಮತ್ತೊಮ್ಮೆ ಓದಿದೆ. ಮೆಟ್ಟಿಲು ತಪ್ಪಿದಂತೆ ಕಾಲು ಜೋಲಿ ಹೊಡೆಯಿತು, ಆದರೆ ಬೀಳಲಿಲ್ಲ, ಕೆಳಗೆ ನೆಲವಿತ್ತು. ಹಾಳೆಯನ್ನು ಹಾಗೆಯೇ ಮಡಚಿ ಆಕೆಯ ಕೈಗಿಟ್ಟೆ.

"ಎಂತ, ತಿದ್ದಲಿಕ್ಕೆ ಏನೂ ಇಲ್ವಾ?"

"ಇಲ್ಲ. ಹಾಡು, ಕೇಳ್ತೇನೆ."

ಹಾಡಿದ ಹುಡುಗಿಗೆ ಸ್ವರ ಕುಂದದಿರಲಿ. ಹೆಗಲು ಕೊಟ್ಟ ತಂದೆಗೂ ಮೂವತ್ತು ಸಲ ಕೇಳಿದ ತಾಯಿಗೂ ಆಯುರಾರೋಗ್ಯ ಕೂಡಿಬರಲಿ. ಮೀನು ಕೂಗಿ ದಣಿದ ಗಂಟಲು ಬೇಗ ಗುಣವಾಗಲಿ. ಮರ್ಯಾದೆಗೆ ಅಂಜಿದ ಕಾರ್ಯದರ್ಶಿಗಳಿಗೂ, ಯಾವುದಕ್ಕೋ ಎದ್ದು ಇನ್ನಾವುದಕ್ಕೋ ನಿಂತುಬಿಟ್ಟ ಆ ತಾಯಂದಿರೆಲ್ಲರಿಗೂ, ಇಲ್ಲಿಯವರೆಗೆ ನನ್ನ ಜೊತೆ ನಡೆದ ನಿಮಗೂ ಮಂಗಳವಾಗಲಿ.